ವೆಳ್ಳಿಯಂಗಿರಿ ಹತ್ತಿದವರೆಲ್ಲ ಹಿಮಾಲಯಕ್ಕೆ ಸಿದ್ಧರೇ?

ಫೆಬ್ರವರಿ ಬಂತೆಂದರೆ ವೆಳ್ಳಿಯಂಗಿರಿಯ ದಾರಿ ತೆರೆಯುತ್ತದೆ. ಮೇ ಕೊನೆಯವರೆಗೂ ಪೂಂಡಿಯ ಬುಡದಲ್ಲಿ ಬಿದಿರುಕೋಲು ಹಿಡಿದವರ ಸಾಲು ಕರಗುವುದಿಲ್ಲ. ಕೊಯಮತ್ತೂರು, ತಿರುಪ್ಪೂರು, ಪೊಳ್ಳಾಚಿ, ಉಡುಮಲೈ, ಸತ್ಯಮಂಗಲದ ನಮ್ಮ ಮನೆಗಳಿಂದಲೂ ವರ್ಷಕ್ಕೊಮ್ಮೆ ಯಾರಾದರೂ ಒಬ್ಬರು ಏಳು ಬೆಟ್ಟ ಹತ್ತಿ ಬರುತ್ತಾರೆ. ಇದೇ ತಿಂಗಳುಗಳಲ್ಲಿ ನಮ್ಮ ಮನೆಗಳಲ್ಲಿ ಇನ್ನೊಂದು ಕೆಲಸವೂ ಸದ್ದಿಲ್ಲದೆ ನಡೆಯುತ್ತದೆ. ಮೇ, ಜೂನ್ ರಜೆಗೆಂದು ಹಿಮಾಲಯ ಚಾರಣಕ್ಕೆ ಹೆಸರು ಕೊಡುವ ಕೆಲಸ. ಬೆಂಗಳೂರಿನ ನೆಂಟರೊಬ್ಬರು ವಾಟ್ಸಾಪ್ ಗುಂಪಿಗೆ ಸೇರಿಸುತ್ತಾರೆ, ಮುಂಗಡ ಹಣ ಕಟ್ಟಿ ಆಗುತ್ತದೆ, ರಜೆ ಮಂಜೂರಾಗುತ್ತದೆ. ಮನೆಯವರಿಗೆ ತಿಳಿಯುವುದು ಬಹಳ ಸಲ ಆಮೇಲೆ.

ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡುವ ನಮ್ಮ ಸದಸ್ಯರೊಬ್ಬರು ಕಳೆದ ತಿಂಗಳು ಕೇಳಿದ ಪ್ರಶ್ನೆ ಇದು: "ವೆಳ್ಳಿಯಂಗಿರಿ ಮೂರು ಸಲ ಹತ್ತಿಳಿದಿದ್ದೇನೆ, ಒಮ್ಮೆಯೂ ಕಾಲು ಸೋತಿಲ್ಲ. ಹಿಮಾಲಯಕ್ಕೆ ಹೋಗಬಹುದಲ್ಲವೇ?" ವಯಸ್ಸು ನಲವತ್ತನಾಲ್ಕು. ಹಿಮ ಕಂಡವರಲ್ಲ. ಹದಿನೆಂಟು ಜನರ ತಂಡದ ಜೊತೆ 4,000 ಮೀಟರ್ ದಾಟುವ ಚಾರಣಕ್ಕೆ ಹಣ ಕಟ್ಟಿದ್ದಾರೆ. ಹೋಗಿ ಎನ್ನಲೂ ಬೇಡ ಎನ್ನಲೂ ನಮಗೆ ಅಧಿಕಾರವಿಲ್ಲ. ಆದರೆ ಅವರು ಕೇಳಿದ್ದು ಅವರೊಬ್ಬರ ಪ್ರಶ್ನೆಯಲ್ಲ. ಆದ್ದರಿಂದ ಉತ್ತರವನ್ನು ಎಲ್ಲರಿಗೂ ತಿಳಿಯುವಂತೆ ಇಲ್ಲಿ ಬರೆಯುತ್ತಿದ್ದೇವೆ.

ಮರೆಯಬಾರದ ಎರಡು ದಿನಗಳು

ಮೊದಲನೆಯದು 2018ರ ಮಾರ್ಚ್ 11. ತೇನಿ ಜಿಲ್ಲೆಯ ಬೋಡಿನಾಯಕನೂರು ಬಳಿಯ ಕುರಂಗಣಿ ಬೆಟ್ಟದಲ್ಲಿ ಕಾಳ್ಗಿಚ್ಚು ಹಬ್ಬಿ, ಇಳಿಯುತ್ತಿದ್ದ ಚಾರಣಿಗರು ನಡುವೆ ಸಿಕ್ಕಿಕೊಂಡರು. ಒಂದು ತಂಡ ಚೆನ್ನೈನದು. ಇನ್ನೊಂದು ಈರೋಡು, ತಿರುಪ್ಪೂರು ಕಡೆಯದು. ಅಂದರೆ ನಮ್ಮ ಬೀದಿಗಳಿಂದ ಹೊರಟವರು. ಸುಟ್ಟಗಾಯಗಳಿಂದ ಆಸ್ಪತ್ರೆಯಲ್ಲಿ ತೀರಿಕೊಂಡವರೂ ಸೇರಿ 20ಕ್ಕೂ ಹೆಚ್ಚು ಜನ ಸತ್ತರು. ಬೋಡಿಯ ಸುತ್ತ ಕನ್ನಡ ಮಾತಾಡುವ ಊರುಗಳಿವೆ. ಅಲ್ಲಿನವರು ಆ ದಿನವನ್ನು ಇಂದಿಗೂ ಮರೆತಿಲ್ಲ.

ಎರಡನೆಯದು 2024ರ ಜೂನ್ 4. ಉತ್ತರಾಖಂಡದ ಉತ್ತರಕಾಶಿ ಮತ್ತು ಟೆಹ್ರಿ ಜಿಲ್ಲೆಗಳ ಗಡಿಯಲ್ಲಿರುವ ಸಹಸ್ತ್ರ ತಾಲ್ ಎಂಬ ಸರೋವರದ ಕಡೆಗೆ ಮೇ 29ರಂದು 22 ಜನರ ತಂಡ ಹೊರಟಿತ್ತು. 18 ಮಂದಿ ಕರ್ನಾಟಕದವರು, ಒಬ್ಬರು ಮಹಾರಾಷ್ಟ್ರದವರು, ಮೂವರು ಸ್ಥಳೀಯ ಗೈಡ್‌ಗಳು. ಜೂನ್ 7ಕ್ಕೆ ಹಿಂತಿರುಗಬೇಕಿತ್ತು. 4,000 ಮೀಟರ್ ದಾಟಿದ ಬಯಲಿನಲ್ಲಿ ಶಿಬಿರಕ್ಕೆ ಮರಳುವಾಗ ಹಿಮಗಾಳಿ ಬಡಿಯಿತು. ದಾರಿ ಕಾಣದೆ ತಂಡ ಅಲ್ಲೇ ಉಳಿಯಬೇಕಾಯಿತು. 9 ಮಂದಿ ಸತ್ತರು. ಉಳಿದ 13 ಮಂದಿಯನ್ನು ಉತ್ತರಾಖಂಡದ ವಿಪತ್ತು ಪಡೆ ಮತ್ತು ವಾಯುಪಡೆಯ ಹೆಲಿಕಾಪ್ಟರ್‌ಗಳ ನೆರವಿನಿಂದ ಕೆಳಗಿಳಿಸಲಾಯಿತು. ಕರ್ನಾಟಕದ ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನ್‌ಗೆ ಹೋಗಿ ನಿಂತು ಬದುಕಿದವರನ್ನೂ ಮೃತದೇಹಗಳನ್ನೂ ಬೆಂಗಳೂರಿಗೆ ಕಳಿಸುವ ವ್ಯವಸ್ಥೆ ನೋಡಿಕೊಂಡರು.

ಈ ಎರಡು ದುರಂತಗಳ ಕಾರಣ ಬೇರೆಬೇರೆ. ಒಂದರಲ್ಲಿ ಬೆಂಕಿ, ಇನ್ನೊಂದರಲ್ಲಿ ಚಳಿ. ಸಹಸ್ತ್ರ ತಾಲ್ ತಂಡದವರು ಹೊಸಬರಲ್ಲ, ಅನುಭವಿಗಳಿದ್ದರು. ಅನುಭವಿಗಳಿಗೇ ಹೀಗಾದರೆ ಹೊಸಬರು ಹೋಗಲೇಬಾರದು ಎಂದು ಕೆಲವರು ಹೇಳುತ್ತಾರೆ. ಎಲ್ಲಿಯಾದರೂ ಅಪಘಾತ ಆಗುವುದೇ, ಅದಕ್ಕೆ ಹೆದರಿ ಮನೆಯಲ್ಲಿ ಕೂರಲಾಗುತ್ತದೆಯೇ ಎಂದು ಇನ್ನು ಕೆಲವರು. ಎರಡೂ ಮಾತಿನಿಂದ ಚಾರಣಕ್ಕೆ ಹೊರಟವನಿಗೆ ಏನೂ ಉಪಯೋಗವಿಲ್ಲ. ಅವನಿಗೆ ಬೇಕಾದದ್ದು ತಾನು ಯಾವುದಕ್ಕೆ ಸಿದ್ಧ, ಯಾವುದಕ್ಕೆ ಅಲ್ಲ ಎಂಬ ಲೆಕ್ಕ.

ನಮ್ಮ ಬೆಟ್ಟ ಕಲಿಸದ ಪಾಠ

ಕೊಯಮತ್ತೂರು ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿದೆ. ತಿರುಪ್ಪೂರು ಇನ್ನೂ ಕೆಳಗೆ. ವೆಳ್ಳಿಯಂಗಿರಿಯ ಏಳನೇ ಬೆಟ್ಟ ಸುಮಾರು 1,780 ಮೀಟರ್. ಬೆಂಗಳೂರಿನ ಚಾರಣಿಗರು ತಮ್ಮ ಪರೀಕ್ಷೆಯೆಂದು ಹತ್ತುವ ಕುಮಾರ ಪರ್ವತ 1,712 ಮೀಟರ್. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ ಕೂಡ 2,000 ಮುಟ್ಟುವುದಿಲ್ಲ. ನಮ್ಮ ನೆರೆಯ ದೊಡ್ಡಬೆಟ್ಟ 2,637, ಮುನ್ನಾರ್ ಬಳಿಯ ಆನಮುಡಿ 2,695. ದಕ್ಷಿಣದಲ್ಲಿ ಇದಕ್ಕಿಂತ ಎತ್ತರವಿಲ್ಲ.

ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದೇ 2,500 ಮೀಟರ್ ದಾಟಿದ ಮೇಲೆ. ಅಂದರೆ ದಕ್ಷಿಣದ ಬೆಟ್ಟ ಎಷ್ಟು ಹತ್ತಿದರೂ ನಮ್ಮ ಮೈ ಆ ಪರೀಕ್ಷೆಗೆ ಕೂತೇ ಇರುವುದಿಲ್ಲ. ವೆಳ್ಳಿಯಂಗಿರಿ ಕಡಿದಾದದ್ದು, ಮಂಡಿ ನಡುಗಿಸುವಂಥದ್ದು. ಆದರೆ ರಾತ್ರಿ ಹತ್ತಿ ಬೆಳಗಾಗುವಾಗ ಇಳಿಯುತ್ತೇವೆ. ಮೇಲೆ ಮಲಗುವುದಿಲ್ಲ. ಅದು ಕಾಲನ್ನೂ ಎದೆಯನ್ನೂ ಪರೀಕ್ಷಿಸುತ್ತದೆ, ಎತ್ತರವನ್ನು ಮೈ ಹೇಗೆ ತಾಳುತ್ತದೆ ಎಂಬುದನ್ನಲ್ಲ.

ಆ ಮೊದಲ ಪರೀಕ್ಷೆಯೂ ಸಣ್ಣದಲ್ಲ. 2024ರ ಋತುವಿನಲ್ಲಿ ವೆಳ್ಳಿಯಂಗಿರಿಯಲ್ಲೇ ಹಲವು ಯಾತ್ರಿಕರು ಸತ್ತರು. ಮಾರ್ಚ್ ಕೊನೆಯಲ್ಲಿ ಒಂದೇ ವಾರದೊಳಗೆ ಮೂವರು. ಹೃದ್ರೋಗ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಉಬ್ಬಸ ಇರುವವರು ಹತ್ತಬೇಡಿ ಎಂದು ಅರಣ್ಯ ಇಲಾಖೆ ಹೇಳುತ್ತಲೇ ಇದೆ. ವರ್ಷವೆಲ್ಲ ಕುರ್ಚಿಯಲ್ಲಿ ಕೂತು ಒಂದು ರಾತ್ರಿ 1,300 ಮೀಟರ್ ಏರುವವರ ಎದೆಗೆ ಆ ಏರು ಸಾಕು.

4,000 ಮೀಟರ್‌ನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಸುಮಾರು ಶೇ. 60 ಮಾತ್ರ. ಮೈ ಇದಕ್ಕೆ ಒಗ್ಗಿಕೊಳ್ಳಬಲ್ಲದು, ಆದರೆ ಅದಕ್ಕೆ ದಿನಗಳು ಬೇಕು. ವೈದ್ಯರ ಸಾಮಾನ್ಯ ಸೂತ್ರ ಇಷ್ಟು: 3,000 ಮೀಟರ್ ದಾಟಿದ ಮೇಲೆ ಇಂದು ಮಲಗಿದ ಜಾಗಕ್ಕಿಂತ ನಾಳೆ ಮಲಗುವ ಜಾಗ 500 ಮೀಟರ್‌ಗಿಂತ ಹೆಚ್ಚು ಮೇಲಿರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಏರದೆ ಇರಬೇಕು. ಹಗಲು ಎಷ್ಟು ಹತ್ತಿದಿರಿ ಎನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎನ್ನುವುದು ಮುಖ್ಯ.

ಈ ಸೂತ್ರವನ್ನು ಕೈಯಲ್ಲಿಟ್ಟುಕೊಂಡು ನಿಮ್ಮ ಚಾರಣದ ಕಾರ್ಯಕ್ರಮ ಪಟ್ಟಿ ನೋಡಿ. ಉದಾಹರಣೆಗೆ, ಹೊಸಬರಿಗೆ ಹೇಳಿಮಾಡಿಸಿದ್ದೆಂದು ಹೆಸರಾದ ಹಂಪ್ತಾ ಪಾಸ್ 4,270 ಮೀಟರ್. ಮನಾಲಿ ಸುಮಾರು 2,050. ನಡುವೆ ಮೂರು ನಾಲ್ಕು ದಿನ. ಕೊಯಮತ್ತೂರಿನಿಂದ ವಿಮಾನದಲ್ಲಿ ದೆಹಲಿಗೆ, ಅಲ್ಲಿಂದ ರಾತ್ರಿ ಬಸ್ಸಿನಲ್ಲಿ ಮನಾಲಿಗೆ, ಮರುದಿನವೇ ನಡಿಗೆ ಎಂದರೆ ವಾರ ಕಳೆಯುವ ಮೊದಲೇ 400ರಿಂದ 4,000ಕ್ಕೆ ಏರಿದಂತಾಯಿತು. ದಾರಿ ಸುಲಭವಿರಬಹುದು. ಏರಿದ ವೇಗ ಸುಲಭವಲ್ಲ.

ಇಲ್ಲಿ ಎಲ್ಲರೂ ಎಡವುವ ಒಂದು ಮಾತಿದೆ. ದಿನವೂ ರೇಸ್‌ಕೋರ್ಸ್ ರಸ್ತೆಯಲ್ಲಿ ಓಡುವವನಿಗೆ ಎತ್ತರದ ಕಾಯಿಲೆ ಬರುವುದಿಲ್ಲ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಹಾಗೇನಿಲ್ಲ. ಗಟ್ಟಿಮುಟ್ಟಾದ ಇಪ್ಪತ್ತೈದರ ಹುಡುಗನಿಗೂ ಬರುತ್ತದೆ. ಅವನು ಬೇಗ ಬೇಗ ಏರುವುದರಿಂದ ಮೊದಲು ಅವನಿಗೇ ಬರಲೂಬಹುದು.

ತಲೆನೋವನ್ನು ಮುಚ್ಚಿಡುವ ಗುಂಪು

ಎತ್ತರದ ಕಾಯಿಲೆ ಆರಂಭವಾಗುವುದು ತಲೆನೋವು, ವಾಕರಿಕೆ, ಊಟ ಸೇರದಿರುವುದು, ನಿದ್ದೆ ಬಾರದಿರುವುದರಿಂದ. ಆ ಹಂತದಲ್ಲಿ ಅಲ್ಲೇ ನಿಂತು ವಿಶ್ರಾಂತಿ ಪಡೆದರೆ ಬಹುತೇಕರಿಗೆ ವಾಸಿಯಾಗುತ್ತದೆ. ಕಡೆಗಣಿಸಿ ಏರಿದರೆ ಎರಡು ಅಪಾಯಗಳು. ಒಂದು, ಶ್ವಾಸಕೋಶದಲ್ಲಿ ನೀರು ತುಂಬುವುದು. ಕೂತಿದ್ದರೂ ಏದುಸಿರು, ಕೆಮ್ಮು, ಕೆಲವೊಮ್ಮೆ ನಸುಗೆಂಪು ನೊರೆ. ಇನ್ನೊಂದು, ಮಿದುಳು ಊದಿಕೊಳ್ಳುವುದು. ಮಾತು ತಡವರಿಸುತ್ತದೆ, ಕುಡಿದವನಂತೆ ನಡಿಗೆ ಓಲಾಡುತ್ತದೆ. ಹಿಮ್ಮಡಿಗೆ ಬೆರಳು ತಾಗಿಸಿ ನೇರ ಗೆರೆಯಲ್ಲಿ ಹತ್ತು ಹೆಜ್ಜೆ ನಡೆಸಿ ನೋಡಿದರೆ ತಿಳಿಯುತ್ತದೆ. ಎರಡಕ್ಕೂ ಮೊದಲ ಮದ್ದು ಒಂದೇ, ತಕ್ಷಣ ಕೆಳಗಿಳಿಯುವುದು. ಬೆಳಗಾಗಲಿ ಎಂದು ಕಾಯುವಂತಿಲ್ಲ. ಡೈಮಾಕ್ಸ್ ಮಾತ್ರೆ ಮೈ ಒಗ್ಗಿಕೊಳ್ಳಲು ನೆರವಾಗುತ್ತದೆ ನಿಜ, ಅದನ್ನೂ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಮಾತ್ರೆ ನುಂಗಿ ಏರುತ್ತಲೇ ಇರಬಹುದು ಎಂದರ್ಥವಲ್ಲ.

ಇದೆಲ್ಲ ಇಂದು ಯಾರ ಫೋನಿನಲ್ಲಿ ಬೇಕಾದರೂ ಓದಲು ಸಿಗುತ್ತದೆ. ಆದರೂ ಜನ ಸಾಯುವುದೇಕೆ? ಗುಂಪಿನಲ್ಲಿ ಮೊದಲ ಸಲ ಬಂದವನು ತಲೆನೋವು ಎಂದು ಬಾಯಿ ಬಿಡುವುದಿಲ್ಲ. ಹದಿನೇಳು ಜನರ ಹಣ, ರಜೆ, ಆಸೆ ಅವನ ಒಂದು ಮಾತಿಗೆ ಕೆಟ್ಟೀತೆಂಬ ಸಂಕೋಚ. "ನನ್ನಿಂದಾಗಿ ಎಲ್ಲರೂ ತಡವಾಗಬಾರದು" ಎಂಬ ಒಳ್ಳೆಯ ಗುಣವೇ ಅಲ್ಲಿ ಶತ್ರು. ಹತ್ತಿರದವರೂ "ಸ್ವಲ್ಪ ದೂರ, ಬಾ" ಎಂದು ಪ್ರೀತಿಯಿಂದಲೇ ಎಳೆಯುತ್ತಾರೆ. ತಂಡದ ನಾಯಕ ಅನೇಕ ಸಲ ಇಪ್ಪತ್ತೈದು ದಾಟದ ಹುಡುಗ. ಹಣ ಕೊಟ್ಟು ಬಂದ ಐವತ್ತರ ಹಿರಿಯರಿಗೆ "ನೀವು ಇಳಿಯಿರಿ" ಎನ್ನಲು ಅವನಿಗೂ ನಾಲಿಗೆ ಏಳುವುದಿಲ್ಲ.

ಇಳಿಸುವ ಅಧಿಕಾರ ಯಾರದು?

ಇಲ್ಲಿ ಸರ್ಕಾರಗಳು ಏನು ಮಾಡಿವೆ ಎಂದು ನೋಡೋಣ. ಕುರಂಗಣಿಯ ಬಳಿಕ 2018ರಲ್ಲೇ ತಮಿಳುನಾಡು ಚಾರಣಕ್ಕೆ ನಿಯಮಗಳನ್ನು ತಂದಿತು. 2024ರ ಅಕ್ಟೋಬರ್‌ನಲ್ಲಿ 'ಟ್ರೆಕ್ ತಮಿಳುನಾಡು' ಯೋಜನೆಯಡಿ 40 ದಾರಿಗಳನ್ನು ತೆರೆಯಿತು. ವೆಳ್ಳಿಯಂಗಿರಿ, ಟಾಪ್‌ಸ್ಲಿಪ್ ಕಡೆಯ ದಾರಿಗಳು ಅದರಲ್ಲಿವೆ. ತರಬೇತಿ ಪಡೆದ ಬುಡಕಟ್ಟು ಯುವಕರು ಗೈಡ್‌ಗಳಾಗಿ ಜೊತೆಗಿರುತ್ತಾರೆ. ಕರ್ನಾಟಕದಲ್ಲಿ 2024ರ ಜನವರಿಯ ಕೊನೆಗೆ ಕುಮಾರ ಪರ್ವತದಲ್ಲಿ ಜನಜಾತ್ರೆ ನೆರೆದ ಮೇಲೆ ಮುಂಗಡ ನೋಂದಣಿಯಿಲ್ಲದ ಚಾರಣ ನಿಂತಿತು, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಬಂತು. ಇವೆಲ್ಲ ಒಳ್ಳೆಯ ಕ್ರಮಗಳೇ. ಆದರೆ ಇವು ಕಾಡಿನ ನಿಯಮಗಳು. ಎಷ್ಟು ಜನ, ಯಾವ ದಾರಿ, ಯಾವ ತಿಂಗಳು ಎಂದು ಹೇಳುತ್ತವೆ. ಹೋಗುವವನ ಮೈ ಹೇಗಿದೆ ಎಂಬುದು ಅವುಗಳ ಮುಖ್ಯ ಪ್ರಶ್ನೆಯಲ್ಲ.

ಆ ಪ್ರಶ್ನೆ ಕೇಳುವ ವ್ಯವಸ್ಥೆ ನಮ್ಮ ದೇಶದಲ್ಲಿ ಇಲ್ಲದಿಲ್ಲ. ಅದಿರುವುದು ತೀರ್ಥಯಾತ್ರೆಯಲ್ಲಿ. 3,888 ಮೀಟರ್ ಎತ್ತರದ ಅಮರನಾಥಕ್ಕೆ ಹೋಗಲು ಅಧಿಕೃತ ವೈದ್ಯರ ಆರೋಗ್ಯ ಪ್ರಮಾಣಪತ್ರ ಕಡ್ಡಾಯ. 13ಕ್ಕಿಂತ ಕಿರಿಯರಿಗೂ 70 ದಾಟಿದವರಿಗೂ ನೋಂದಣಿಯಿಲ್ಲ. ಕೈಲಾಸ ಮಾನಸ ಸರೋವರ ಯಾತ್ರೆ 2020ರಿಂದ ನಿಂತು 2025ರಲ್ಲಿ ಮತ್ತೆ ಶುರುವಾಯಿತು. ವಿದೇಶಾಂಗ ಸಚಿವಾಲಯ ನಡೆಸುವ ಆ ಯಾತ್ರೆಯಲ್ಲಿ ದೆಹಲಿಯ ಹಾರ್ಟ್ ಅಂಡ್ ಲಂಗ್ ಇನ್‌ಸ್ಟಿಟ್ಯೂಟ್‌ನಲ್ಲಿ ಒಂದು ಪರೀಕ್ಷೆ. ಲಿಪುಲೇಖ್ ದಾರಿಯಲ್ಲಿ ಹೋಗುವವರಿಗೆ ಗುಂಜಿ ಎಂಬಲ್ಲಿ, 3,000 ಮೀಟರ್ ದಾಟಿದ ಮೇಲೆ, ಐಟಿಬಿಪಿ ವೈದ್ಯರಿಂದ ಇನ್ನೊಂದು ಪರೀಕ್ಷೆ. ಅಲ್ಲಿ ರಕ್ತದೊತ್ತಡ ಏರಿದ್ದರೆ ಕೈಲಾಸ ಎಷ್ಟೇ ಹತ್ತಿರವಿದ್ದರೂ, ಯಾರೆಷ್ಟೇ ಅತ್ತು ಕರೆದರೂ, ವಾಪಸ್ ಕಳಿಸುತ್ತಾರೆ. ಕರ್ನಾಟಕ ಸರ್ಕಾರದ ಸಹಾಯಧನ ಪಡೆದು ಹೋದ ಯಾತ್ರಿಕರನ್ನು ಕೇಳಿ ನೋಡಿ, ಗುಂಜಿ ಎಂದರೆ ಏನೆಂದು ಹೇಳುತ್ತಾರೆ.

ಗುಂಜಿಯಲ್ಲಿ ಒಳ್ಳೆಯದೇನೆಂದರೆ, ಇಳಿಯಬೇಕೋ ಬೇಡವೋ ಎಂಬ ತೀರ್ಮಾನ ಯಾತ್ರಿಕನದೂ ಅಲ್ಲ, ಗುಂಪಿನದೂ ಅಲ್ಲ. ಸಂಕೋಚಕ್ಕೆ ಅಲ್ಲಿ ಜಾಗವೇ ಇಲ್ಲ. ಅದೇ ಎತ್ತರಕ್ಕೆ, ಕೆಲವೊಮ್ಮೆ ಅದಕ್ಕಿಂತ ಮೇಲಕ್ಕೆ ಹೋಗುವ ಖಾಸಗಿ ಚಾರಣದಲ್ಲಿ ಅನೇಕ ಕಡೆ ಒಂದು ಅರ್ಜಿಗೆ ಸಹಿ ಹಾಕಿದರೆ ಮುಗಿಯಿತು. ದೇವರನ್ನು ನೋಡಲು ಹೋಗುವವನಿಗೆ ಎರಡು ಪರೀಕ್ಷೆ, ಬೆಟ್ಟ ನೋಡಲು ಹೋಗುವವನಿಗೆ ಒಂದು ಸಹಿ. ಈ ವ್ಯತ್ಯಾಸಕ್ಕೆ ಅರ್ಥವಿಲ್ಲ. 3,500 ಮೀಟರ್ ದಾಟುವ ಯಾವ ತಂಡದ ಚಾರಣಕ್ಕಾದರೂ ಅಧಿಕೃತ ವೈದ್ಯರ ಪತ್ರವೂ, ದಾರಿಯಲ್ಲೊಂದು ಕಡ್ಡಾಯ ತಪಾಸಣೆಯೂ ಬೇಕು ಎಂಬುದು ನಮ್ಮ ಅಭಿಪ್ರಾಯ. ಪರವಾನಗಿ ಕೊಡುವ ರಾಜ್ಯಗಳು ಇದನ್ನು ಮಾಡಬೇಕು. ಮಾಡುವವರೆಗೆ ನಮ್ಮ ಗುಂಜಿಯನ್ನು ನಾವೇ ಕಟ್ಟಿಕೊಳ್ಳಬೇಕು.

ಗಡಿಯೂರಿನವರಿಗೆ ಎರಡು ಮಾತು ಹೆಚ್ಚು

ಬೆಂಗಳೂರಿನ ತಂಡದ ಜೊತೆ ಹೋಗುವ ನಮ್ಮವರ ಆಧಾರ್ ಕಾರ್ಡಿನಲ್ಲಿರುವುದು ತಮಿಳುನಾಡಿನ ವಿಳಾಸ. ತಾಳವಾಡಿ, ಹೊಸೂರು, ಗೂಡಲೂರಿನವರದೂ ಹಾಗೆಯೇ, ಕಾಸರಗೋಡಿನವರದು ಕೇರಳದ್ದು. ಅನಾಹುತವಾದಾಗ ಹೆಸರಿನ ಪಟ್ಟಿ ರಾಜ್ಯವಾರು ಹೊರಡುತ್ತದೆ, ಸಹಾಯವಾಣಿಯೂ ರಾಜ್ಯವಾರು ತೆರೆಯುತ್ತದೆ. ಮಾತಾಡುವುದು ಕನ್ನಡ, ಹೊರಟದ್ದು ಬೆಂಗಳೂರಿನಿಂದ, ವಿಳಾಸ ಮಾತ್ರ ಇನ್ನೊಂದು ರಾಜ್ಯದ್ದು ಎಂದಾದವನ ಮನೆಯವರು ಯಾರ ಬಾಗಿಲು ಬಡಿಯಬೇಕು? ಆ ಹೊತ್ತಿನಲ್ಲಿ ಹುಡುಕುತ್ತ ಕೂರುವ ಬದಲು ಮೊದಲೇ ಒಂದು ಹಾಳೆಯಲ್ಲಿ ಬರೆದಿಡಿ: ತಂಡದ ಹೆಸರು, ಸ್ಥಳೀಯ ಏಜೆನ್ಸಿಯ ಹೆಸರು, ದಿನದಿನದ ಶಿಬಿರ, ಜಿಲ್ಲೆ, ಗೈಡ್‌ನ ಫೋನ್, ನಿಮ್ಮ ರಕ್ತದ ಗುಂಪು, ತೆಗೆದುಕೊಳ್ಳುವ ಔಷಧಿ. ಒಂದು ಪ್ರತಿ ಮನೆಯಲ್ಲಿರಲಿ, ಇನ್ನೊಂದು ಸಂಘದಲ್ಲಿ. ಮೇಲೆ ಫೋನ್ ಸಿಗುವುದಿಲ್ಲ. ಅನುಮತಿಯಿಲ್ಲದೆ ಸ್ಯಾಟಲೈಟ್ ಫೋನ್ ಒಯ್ಯುವುದು ನಮ್ಮ ದೇಶದಲ್ಲಿ ಅಪರಾಧ, ಆ ಸಾಹಸ ಬೇಡ.

ಎರಡನೆಯದು ಭಾಷೆ. ಕನ್ನಡ, ತಮಿಳು ಎರಡೂ ಬರುವ ನಮಗೆ ಹಿಂದಿ ಬಹಳ ಸಲ ಬರುವುದಿಲ್ಲ. ಗೈಡ್‌ಗೆ ಬರುವುದು ಹಿಂದಿ, ಗಢವಾಲಿ. ಟೆಂಟಿನಲ್ಲಿ ರಾತ್ರಿ ಎರಡಕ್ಕೆ "ಸಿರ್ ದರ್ದ್", "ಸಾಂಸ್ ನಹೀ ಆ ರಹೀ", "ನೀಚೆ ಜಾನಾ ಹೈ" ಎಂಬ ಮೂರು ಮಾತು ಬಂದರೆ ಪ್ರಾಣ ಉಳಿದೀತು. ಬಾಯಿಪಾಠ ಮಾಡಿ.

ತಿರುಪ್ಪೂರಿನವರಿಗೆಂದೇ ಇನ್ನೊಂದು. ಹತ್ತಿ ಬಟ್ಟೆ ನೀರು ಕುಡಿಯುತ್ತದೆ, ಒಣಗಲು ಹೊತ್ತು ಹಿಡಿಯುತ್ತದೆ ಎಂದು ನಿಮಗೆ ಹೇಳಿಕೊಡಬೇಕಿಲ್ಲ, ಊರಿಗೆಲ್ಲ ಬನಿಯನ್ ಕೊಟ್ಟವರು ನೀವು. ಆದರೆ ಹಿಮದ ನಾಡಿನಲ್ಲಿ ಬೆವರಿಗೋ ಮಳೆಗೋ ನೆನೆದ ಹತ್ತಿ ಬನಿಯನ್ ಮೈಗಂಟಿಕೊಂಡು ಗಾಳಿ ಬಡಿದರೆ ಮೈಶಾಖ ಇಳಿದುಹೋಗುತ್ತದೆ. ಸಹಸ್ತ್ರ ತಾಲ್‌ನಲ್ಲಿ ಜನರನ್ನು ಕೊಂದದ್ದು ಚಳಿಯೇ. ಮೈಗೆ ತಾಗುವ ಬಟ್ಟೆ ಉಣ್ಣೆಯದೋ ಬೇಗ ಒಣಗುವ ಪಾಲಿಯೆಸ್ಟರ್‌ನದೋ ಇರಲಿ, ಮೇಲೆ ಗಾಳಿ ನೀರು ತಡೆಯುವ ಹೊದಿಕೆ ಇರಲಿ. ಒಂದು ಒಣ ಜೊತೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಲಗುವ ಹೊತ್ತಿಗೇ ಮೀಸಲಿಡಿ.

ಹಣ ಕಟ್ಟುವ ಮೊದಲು

ಆಯೋಜಕರನ್ನು ಈ ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಬರೆಸಿಕೊಳ್ಳಿ. ಮೊದಲ ದಿನದಿಂದ ಕೊನೆಯವರೆಗೆ ಪ್ರತಿ ರಾತ್ರಿ ಮಲಗುವ ಎತ್ತರ ಎಷ್ಟು? ಏರದೆ ಇರುವ ದಿನ ಯಾವುದು? ಹವೆ ಕೆಟ್ಟರೆ ಕಾಯಲು ಹೆಚ್ಚಿನ ದಿನ ಇದೆಯೇ? ಶಿಖರದ ದಿನ ಎಷ್ಟು ಗಂಟೆಗೆ, ಎಲ್ಲಿದ್ದರೂ ಸರಿ, ಹಿಂತಿರುಗುತ್ತೀರಿ? ಒಬ್ಬರು ಇಳಿಯಬೇಕಾದರೆ ಜೊತೆಗೆ ಕಳಿಸಲು ಗೈಡ್ ಇದ್ದಾರೆಯೇ, ಅಥವಾ ಇಡೀ ತಂಡ ಇಳಿಯಬೇಕೇ? ಆಮ್ಲಜನಕದ ಸಿಲಿಂಡರ್ ಯಾವ ಶಿಬಿರದಲ್ಲಿರುತ್ತದೆ? ಅತಿ ಹತ್ತಿರದ ವೈದ್ಯರು ಎಷ್ಟು ಗಂಟೆಯ ದಾರಿ? ನಿಮ್ಮ ವಿಮೆಯ ಪಾಲಿಸಿಯನ್ನೂ ತೆರೆದು, ಸಾಹಸ ಚಟುವಟಿಕೆ ಅದರಲ್ಲಿ ಸೇರಿದೆಯೇ ಎಂದು ಓದಿ. ಇವುಗಳಿಗೆ ಬೇಸರಪಡುವ ಆಯೋಜಕರು ಮೇಲೆ ಹೋದ ಮೇಲೆ ನಿಮ್ಮ ತಲೆನೋವಿಗೂ ಬೇಸರಪಡುತ್ತಾರೆ.

ನಿಮ್ಮೊಳಗೂ ಒಂದು ಒಪ್ಪಂದ ಬೇಕು. ತಂಡದಲ್ಲಿ ಒಬ್ಬರನ್ನು ಜೋಡಿ ಮಾಡಿಕೊಳ್ಳಿ. ಬೆಳಿಗ್ಗೆ, ಸಂಜೆ ಒಬ್ಬರನ್ನೊಬ್ಬರು ಕೇಳಿ: ತಲೆನೋವಿದೆಯೇ, ಊಟ ಸೇರಿತೇ, ನಿದ್ದೆ ಬಂತೇ. "ಇಳಿ" ಎಂದು ಜೋಡಿಯವರು ಹೇಳಿದರೆ ವಾದವಿಲ್ಲದೆ ಇಳಿಯುವುದು ಎಂದು ಇಲ್ಲೇ, ಊರಿನಲ್ಲೇ ಮಾತಾಗಲಿ. ಮೇಲೆ ಹೋದ ಮೇಲೆ ಮಿದುಳಿಗೆ ಆಮ್ಲಜನಕ ಕಡಿಮೆ, ಬುದ್ಧಿ ಹೇಳಿದರೂ ಹತ್ತುವುದಿಲ್ಲ.

ತಿರುಪ್ಪೂರಿನ ನಮ್ಮ ಸದಸ್ಯರು ಈ ಪ್ರಶ್ನೆಗಳನ್ನು ಕಳಿಸಿದರು. ಎರಡಕ್ಕೆ ಉತ್ತರ ಬಂತು, ಉಳಿದವಕ್ಕೆ "ಚಿಂತೆ ಬೇಡ ಸರ್" ಎಂದು ಬಂತು. ವೈದ್ಯರಲ್ಲಿ ಹೋದಾಗ, ಇರುವುದೇ ಗೊತ್ತಿಲ್ಲದ ರಕ್ತದೊತ್ತಡ ಪತ್ತೆಯಾಯಿತು. ಮುಂಗಡದಲ್ಲಿ ಅರ್ಧ ಹಣ ಹೋಯಿತು. ಈ ವರ್ಷ ಔಷಧಿ, ದಿನದ ನಡಿಗೆ. ಮುಂದಿನ ವರ್ಷ ವೈದ್ಯರು ಒಪ್ಪಿದರೆ, ವಿಶ್ರಾಂತಿಯ ದಿನವಿರುವ, 3,500 ಮೀಟರ್ ದಾಟದ ಚಾರಣ ಎಂದು ನಿಶ್ಚಯಿಸಿದ್ದಾರೆ. "ಹಣ ಹೋದದ್ದಕ್ಕೆ ಎರಡು ದಿನ ಸಂಕಟವಾಯಿತು. ಅಮ್ಮ ಮಾತ್ರ ಆ ರಾತ್ರಿ ಚೆನ್ನಾಗಿ ಮಲಗಿದರು" ಎಂದರು.

ಈ ಬೇಸಿಗೆಗೆ ಹಿಮಾಲಯಕ್ಕೆ ಹೆಸರು ಕೊಟ್ಟಿರುವ ಸದಸ್ಯರೂ ಅವರ ಮನೆಯವರೂ ಮುಂದಿನ ಮಾಸಿಕ ಸಭೆಗೆ ತಮ್ಮ ಕಾರ್ಯಕ್ರಮ ಪಟ್ಟಿ ತನ್ನಿ. ಹೋಗಿ ಬಂದವರೂ ಬನ್ನಿ, ಅದರಲ್ಲೂ ಅರ್ಧ ದಾರಿಯಿಂದ ಇಳಿದು ಬಂದವರು. ಶಿಖರದ ಫೋಟೋ ಎಲ್ಲರೂ ನೋಡಿದ್ದಾಗಿದೆ. ಇಳಿದು ಬಂದ ಕಥೆಯನ್ನು ಕೇಳಿ ಕಲಿಯುವುದು ಇನ್ನೂ ಬಾಕಿಯಿದೆ.